ಗುರುಶಾಂತಪ್ಪನವರು ಕೇಳಿದ ಮಣ್ಣು

ಅಮೆರಿಕದ ವರ್ಜೀನಿಯಾದಲ್ಲಿರುವ ಸ್ಟರ್ಲಿಂಗಿನ ನಮ್ಮ ಬೀದಿಯಲ್ಲಿ ಗುರುಶಾಂತಪ್ಪನವರು ಎದುರಾದರೆ ಕನ್ನಡದವರು ಫೋನ್ ಬಂದಂತೆ ನಟಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಮನುಷ್ಯ ಕೆಟ್ಟವರೇನಲ್ಲ, ಬಾಯಿಗೆ ಸಿಕ್ಕಿದರೆ ಬಿಡುತ್ತಿರಲಿಲ್ಲ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೇ ಅವರ ಕತೆ ಶುರುವಾಗಿಬಿಡುತ್ತಿತ್ತು. ಲಂಡನ್ ಪಟ್ಟಣವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಹಳೆಯ ನೆಲದಡಿಯ ರೈಲು, ಅದರ ಸುರಂಗ, ಆ ಸುರಂಗದ ಕಬ್ಬಿಣದ ಬಳೆಗಳು. ಕೊರೆಯುವುದು ಅವರ ವೃತ್ತಿ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ ಎಂದು ಕನ್ನಡ ಸಂಘದ ಹುಡುಗರು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ನಮ್ಮಿಬ್ಬರ ಹಿತ್ತಿಲ ನಡುವೆ ಇದ್ದದ್ದು ಸೊಂಟದೆತ್ತರದ ಬೇಲಿ. ಓಡಿಹೋಗುವುದಾದರೂ ಎಲ್ಲಿಗೆ? ಕೇಳುತ್ತಾ ಕೇಳುತ್ತಾ ನನಗೇ ಆ ಸುರಂಗದ ರುಚಿ ಹತ್ತಿತು.

ನಾನು ಶೈಲಜಾ, ಮೈಸೂರಿನವಳು. ಅವರು ಗುಳೇದಗುಡ್ಡದ ಕಡೆಯ ಲಿಂಗಾಯತರು. ಎಂಬತ್ತರ ದಶಕದಲ್ಲಿ ಲಂಡನ್ನಿಗೆ ಹೋಗಿ ಆ ರೈಲಿನ ಸುರಂಗ ತಪಾಸಣೆಯ ಕೆಲಸಕ್ಕೆ ಸೇರಿದ ಸಿವಿಲ್ ಎಂಜಿನಿಯರು. ನೂರು ವರ್ಷಕ್ಕೂ ಹಿಂದೆ ಕೂಲಿಯವರು ಗುದ್ದಲಿ ಹಿಡಿದು ಜೇಡಿಮಣ್ಣು ಕೆರೆಯುತ್ತಾ, ಬೆನ್ನಹಿಂದೆಯೇ ಮಣ್ಣು ಕುಸಿಯದಂತೆ ಕಬ್ಬಿಣದ ಬಳೆ ಜೋಡಿಸುತ್ತಾ, ಮೇಲೆ ಊರು ಮಲಗಿದ್ದಂತೆಯೇ ಅದರ ಹೊಟ್ಟೆಯೊಳಗೆ ದಾರಿ ಮಾಡಿದ್ದರಂತೆ. ರೈಲುಗಳು ನಿಂತ ಮೇಲೆ ಇವರು ಕೆಳಗಿಳಿದು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸುತ್ತಿಗೆಯಿಂದ ಒಂದೊಂದು ಬಳೆ ತಟ್ಟುತ್ತಾ ನಡೆಯಬೇಕು. ಸದ್ದು ತುಂಬಿ ಬಂದರೆ ಹಿಂದಿನ ಮಣ್ಣು ಒತ್ತಿ ಹಿಡಿದಿದೆ ಎಂದರ್ಥ, ಟೊಳ್ಳಾಗಿ ಬಂದರೆ ಎಲ್ಲೋ ಸರಿದಿದೆ. ಅಲ್ಲಿ ಗುಡಿಸುವ ಹೆಂಗಸರು ಹಳಿಯ ಪಕ್ಕದಿಂದ ಚೀಲಗಟ್ಟಲೆ ಕೂದಲು ಬಾಚಿ ತೆಗೆಯುತ್ತಿದ್ದರಂತೆ, ಎಲ್ಲ ಪ್ರಯಾಣಿಕರ ತಲೆಯಿಂದ ಉದುರಿದ್ದು. ಶುರುವಿನಲ್ಲಿ ಆ ಮಣ್ಣು ಎಷ್ಟು ತಂಪಿತ್ತೆಂದರೆ ಬೇಸಿಗೆಯಲ್ಲಿ ಜನ ತಂಪಿಗೆಂದೇ ಟಿಕೆಟ್ ಕೊಳ್ಳುತ್ತಿದ್ದರಂತೆ. ರೈಲಿನ ಬಿಸಿ ಕುಡಿದು ಕುಡಿದು ಈಗ ಗೋಡೆಗಳೇ ಬೆಚ್ಚಗಾಗಿವೆ ಎಂದು ಹೇಳುವಾಗ ಅವರ ದನಿಯಲ್ಲಿ ಮಕ್ಕಳ ಬಗ್ಗೆ ಮಾತಾಡುವವರ ಮರುಕವಿರುತ್ತಿತ್ತು.

ಮಣ್ಣಿನ ಭಯ ಅವರಿಗೆ ಒಂಚೂರೂ ಇರಲಿಲ್ಲ, ಬೆಂಕಿಯ ಭಯ ಮಾತ್ರ ವಿಪರೀತ. ಸುರಂಗದ ಕೆಲಸದವರಿಗೆ ಮೊದಲ ದಿನ ಕಲಿಸುವ ಪಾಠವೇ ಅದಂತೆ: ಕೆಳಗೆ ಹೊಗೆ ಎದ್ದರೆ ಓಡಲು ಎರಡೇ ದಿಕ್ಕು, ಹೊಗೆಗೂ ಅವೇ ಎರಡು ದಿಕ್ಕು. ಆ ಪಾಠ ಅವರ ಮೈಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ಗ್ಯಾಸ್ ಒಲೆ ಕೀಳಿಸಿ ಕರೆಂಟಿನದು ಹಾಕಿಸಿದ್ದರು. ನಾವು ಹಿತ್ತಿಲಲ್ಲಿ ಬಾರ್ಬೆಕ್ಯೂ ಹೊತ್ತಿಸಿದರೆ ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅಮೆರಿಕಕ್ಕೆ ಬಂದು ವಾಷಿಂಗ್ಟನ್ ಕಡೆಯ ಸುರಂಗಗಳಲ್ಲೇ ಕೆಲಸ ಮಾಡಿ ನಿವೃತ್ತರಾದರು. ಕೊನೆಯ ವರ್ಷಗಳಲ್ಲಿ ನಮ್ಮೂರ ಪಕ್ಕದ ಡಲ್ಲಸ್ ವಿಮಾನ ನಿಲ್ದಾಣದ ಕಡೆಗೆ ಸಿಲ್ವರ್ ಲೈನ್ ಎಂಬ ಮೆಟ್ರೋ ಕಟ್ಟುತ್ತಿದ್ದರಲ್ಲ, ದಿನಾ ಸಂಜೆ ಅಲ್ಲಿಗೆ ನಡೆದುಹೋಗಿ ನೋಡಿಕೊಂಡು ಬರುತ್ತಿದ್ದರು. ಬಂದು ಬೇಲಿಯ ಮೇಲೆ ಕೈಯಿಟ್ಟು, ಅದು ಕಂಬದ ಮೇಲೆ ಹೋಗುವ ರೈಲು, ಅದನ್ನೂ ಮೆಟ್ರೋ ಅಂತಾರಲ್ಲ ಎಂದು ಬೈಯುತ್ತಿದ್ದರು. ಈಗ ಆ ರೈಲು ಓಡುತ್ತಿದೆ. ನಾನು ಒಮ್ಮೆ ಹತ್ತಿದೆ, ಕಿಟಕಿಯ ಪಕ್ಕ ಕೂರಲಾಗದೆ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ.

ಆ ಮನುಷ್ಯ ಜೀವಮಾನದಲ್ಲಿ ಯಾರನ್ನೂ ಏನೂ ಕೇಳಿದವರಲ್ಲ. ಒಂದೇ ಒಂದು ಕೇಳಿದ್ದರು. ಲಿಂಗಾಯತರಲ್ಲಿ ಸುಡುವುದಿಲ್ಲ. ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ತಮಗೂ ಹಾಗೇ ಆಗಬೇಕು ಎಂಬುದು ಅವರ ಆಸೆ. ಕೊರೋನಾ ಬಂದ ಆ ಬೇಸಿಗೆಯಲ್ಲಿ ಟಿವಿಯಲ್ಲಿ ದಿನವೂ ಸಾವಿನ ಸಂಖ್ಯೆ ಹೇಳುತ್ತಿದ್ದಾಗ ಒಂದು ಸಂಜೆ ಬೇಲಿಯ ಹತ್ತಿರ ನಿಂತು ಹೇಳಿದರು: "ನನಗ ಬೆಂಕಿ ಬ್ಯಾಡ್ರಿ ಶೈಲಜಾ ಅವರ. ಮಣ್ಣಾಗ ಕುಂಡ್ರಿಸಿದ್ರ ಸಾಕು. ಪೆಟಗಿ ಬ್ಯಾಡ, ಕಾಂಕ್ರೀಟ್ ಬ್ಯಾಡ." ಪಕ್ಕದಲ್ಲಿ ಅವರ ಹೆಂಡತಿ ಶಾಂತವ್ವ ಮೆಂತ್ಯ ಸೋಸುತ್ತಾ, ಇದನ್ನು ಕೇಳಿ ಕೇಳಿ ಸಾಕಾಗಿದೆ ಎಂಬಂತೆ ತಲೆ ಅಲ್ಲಾಡಿಸಿದರು.

ಮಗ ಶರಣನಿಗೆ ಹೇಳಿಲ್ಲವೇ ಎಂದು ಕೇಳಿದೆ. ಅವನು ದೂರದ ರಾಲಿ ಊರಿನಲ್ಲಿ ಔಷಧ ಕಂಪನಿಯೊಂದರಲ್ಲಿದ್ದ. ಹೇಳಹೊರಟಾಗ ಅಪ್ಪನಿಗೆ ಡಿಪ್ರೆಷನ್ ಎಂದುಕೊಂಡು ಯಾರೋ ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಟ್ಟನಂತೆ. ಅಲ್ಲಿಗೆ ಅವರು ಸುಮ್ಮನಾದರು. ನಮ್ಮ ಯಜಮಾನರು ಗೋಪಿನಾಥರ ಹತ್ತಿರವೂ ಒಂದೆರಡು ಸಲ ಬಾಯಿ ತೆಗೆದಿದ್ದರು. ಇವರೋ, ಅಶುಭದ ಮಾತು ಕಿವಿಗೆ ಬಿದ್ದರೆ ಮೈಮೇಲೆ ಹಲ್ಲಿ ಬಿದ್ದವರಂತೆ ಆಡುವ ಜಾತಿ. "ನಾನು ಹ್ವಾದ ಮ್ಯಾಲ" ಎಂದು ಅವರು ಶುರುಮಾಡುವಷ್ಟರಲ್ಲಿ "ಬಿಡ್ತು ಅನ್ನಿ ಸಾರ್, ನೂರು ವರ್ಷ ಇರ್ತೀರಿ" ಎಂದು ಬೆನ್ನು ತಟ್ಟಿ ಕಾಫಿಗೆ ಎಬ್ಬಿಸಿಬಿಡುತ್ತಿದ್ದರು. ಪಾಪ, ಅವರು ಬಿಡ್ತು ಅಂದು ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು.

ಬ್ಲೂ ರಿಡ್ಜ್ ಬೆಟ್ಟಗಳ ಕಡೆ, ಇಲ್ಲಿಯ ಮಿಕ್ಕ ಸ್ಮಶಾನಗಳ ಹಾಗೆ ಪೆಟ್ಟಿಗೆಯಲ್ಲಿಟ್ಟು ಕಾಂಕ್ರೀಟಿನ ಗೂಡಿಗಿಳಿಸದೆ, ಬರೀ ಮಣ್ಣಿನಲ್ಲಿ ಹೂಳುವ ಒಂದು ಜಾಗವಿದೆ ಎಂದು ಗುರುಶಾಂತಪ್ಪನವರೇ ಹುಡುಕಿಕೊಂಡಿದ್ದರು. ಅಕ್ಟೋಬರಿನಲ್ಲಿ ನಾನೇ ದಂಪತಿಗಳನ್ನು ಡ್ರೈವ್ ಮಾಡಿ ಕರೆದುಕೊಂಡು ಹೋದೆ, ಮೂವರಿಗೂ ಮಾಸ್ಕು, ಕಾರಿನ ಕಿಟಕಿಯೆಲ್ಲ ತೆಗೆದು. ಅಲ್ಲಿಯ ಮೇಲ್ವಿಚಾರಕ ವಯಸ್ಸಾದ ಬಿಳಿಯ, ಸಾತ್ವಿಕ. ಕೂರಿಸುವುದು ಎಂದರೆ ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ಇವರು ಒಂದು ಓಕ್ ಮರದ ಕೆಳಗೆ ಹೋಗಿ ಎಲೆ ಸರಿಸಿ, ಪ್ಯಾಂಟು ಮೇಲೆಳೆದುಕೊಂಡು, ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕೂತೇಬಿಟ್ಟರು. ಆ ಬಿಳಿಯ ಟೋಪಿ ತೆಗೆದ. ಶಾಂತವ್ವ ಮಾತ್ರ, "ಏಳ್ರಿ, ನೆಲ ಹಸಿ ಐತಿ, ಥಂಡಿ ಆಕ್ಕೈತಿ" ಎಂದು ರಟ್ಟೆ ಹಿಡಿದು ಎಬ್ಬಿಸಿದರು. ಗುಂಡಿ ಇನ್ನಷ್ಟು ಆಳ ಬೇಕಾಗುತ್ತದೆ, ವಿಚಾರಿಸಿ ಹೇಳುತ್ತೇನೆ ಎಂದ ಮೇಲ್ವಿಚಾರಕ ಮರುವಾರ ಫೋನ್ ಮಾಡಿ ಆಗಬಹುದು ಎಂದ. ಹೊಸ ಅಳಿಯನ ಹಾಗೆ ಬೀಗುತ್ತಾ ಗುರುಶಾಂತಪ್ಪನವರು ಬೇಲಿಯ ಹತ್ತಿರ ಬಂದು ನನಗೆ ಆ ಸುದ್ದಿ ಹೇಳಿದರು.

ಆ ಜಾಗ ನೋಡಿದ ದಿನ ನಾನು ಮನೆಗೆ ಬಂದು ಎಲ್ಲಿಗೆ ಹೋಗಿದ್ದೆವೆಂದು ಹೇಳಲು ಹೋದರೆ, ಸ್ಮಶಾನ ಎಂಬ ಮಾತು ಕೇಳಿದ್ದೇ ತಡ ನಮ್ಮ ಯಜಮಾನರು ನನ್ನನ್ನು ಬಚ್ಚಲಿಗೆ ಅಟ್ಟಿದರು. ತಲೆಗೆ ಸ್ನಾನ ಮಾಡಿ ಬಾ, ಬೇರೆ ಕೆಲಸವಿಲ್ಲವೇ ನಿನಗೆ ಎಂದರು. ಸ್ನಾನ ಮಾಡಿ ಬಂದು ಮತ್ತೆ ಹೇಳಹೋದೆ. ಟಿವಿಯ ಸದ್ದು ಜಾಸ್ತಿ ಮಾಡಿದರು.

ಅವರನ್ನು ಕೆಟ್ಟವರೆಂದು ಯಾರೂ ಅನ್ನುವ ಹಾಗಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಆ ವರ್ಷ ನಮ್ಮ ಜನರಲ್ಲಿ ಯಾರು ಹೋದರೂ ಫೋನ್ ಬರುತ್ತಿದ್ದುದು ಇವರಿಗೇ. ಯಾವ ಫ್ಯೂನರಲ್ ಹೋಮಿನಲ್ಲಿ ಬೇಗ ಸ್ಲಾಟ್ ಸಿಗುತ್ತದೆ, ಯಾವ ಪುರೋಹಿತರು ಜೂಮಿನಲ್ಲಿ ಮಂತ್ರ ಹೇಳುತ್ತಾರೆ, ಎಲ್ಲ ಇವರಿಗೆ ಬಾಯಿಪಾಠ. ವೀಸಾ ತೊಡಕಿನಲ್ಲಿ ಸಿಕ್ಕಿಕೊಂಡು ಮನೆಯವರು ಬರಲಾಗದ ಎಷ್ಟೋ ಹುಡುಗರ ಚಿತೆಗೆ ಇವರೇ ನಿಂತಿದ್ದಾರೆ. ಹೀಗೆ ಮಾಡಿ ಮಾಡಿ ಅದು ಕೈಗೆ ಕೂತ ಕೆಲಸವಾಗಿತ್ತು.

ಡಿಸೆಂಬರಿನಲ್ಲಿ ನಮ್ಮ ಮಗಳು ಶ್ರಾವಣಿಯ ಬಾಣಂತನಕ್ಕೆ ನಾನು ಅಟ್ಲಾಂಟಾಕ್ಕೆ ಹೋದೆ. ಗೋಪಿನಾಥರು ಕಾರಿನಲ್ಲಿ ಬಿಟ್ಟು ಸ್ಟರ್ಲಿಂಗಿಗೆ ಹಿಂತಿರುಗಿದರು. ಜನವರಿಯಲ್ಲಿ ಮಗು ಹುಟ್ಟಿತು, ಗಂಡು. ಅದೇ ವಾರ ಪಕ್ಕದ ಮನೆಯ ಇಬ್ಬರಿಗೂ ಕೊರೋನಾ ಬಂತು. ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದರು ಎಂಬಷ್ಟು ನನಗೆ ತಿಳಿಯಿತು. ಯಜಮಾನರಿಗೆ ದಿನಾ ಫೋನ್ ಮಾಡಿ ಕೇಳುತ್ತಿದ್ದೆ, ಹೇಗಿದ್ದಾರೆ? ಹಾಗೇ ಇದ್ದಾರೆ, ಆಕ್ಸಿಜನ್ ಮೇಲೆ ಇದ್ದಾರೆ ಎಂಬ ಉತ್ತರ ಬರುತ್ತಿತ್ತು. ಒಂದು ಸಂಜೆ ಮನಸ್ಸು ತಡೆಯದೆ, ಅವರಿಗೇನಾದರೂ ಹೆಚ್ಚುಕಮ್ಮಿಯಾದರೆ ಎಂದು ಶುರುಮಾಡಿದೆ. ಬಾಣಂತಿ ಮನೆಯಲ್ಲಿ ಕೂತು ಅಂಥ ಮಾತು ಆಡಬೇಡ, ಬಿಡ್ತು ಅನ್ನು ಎಂದು ಫೋನ್ ಇಟ್ಟರು.

ಆ ಹೊತ್ತಿಗಾಗಲೇ ಗುರುಶಾಂತಪ್ಪನವರು ತೀರಿಹೋಗಿದ್ದರು.

ಹಸುಗೂಸು ಇರುವ ಮನೆಗೆ ಸಾವಿನ ಸುದ್ದಿ ಮುಟ್ಟಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನಮ್ಮತ್ತೆಯವರು ಹಾಗೇ ಮಾಡುತ್ತಿದ್ದರು, ಇವರೂ ಹಾಗೇ ಮಾಡಿದರು. ಅತ್ತ ಶಾಂತವ್ವನವರು ಪ್ರಜ್ಞೆ ಇಲ್ಲದೆ ವೆಂಟಿಲೇಟರಿನಲ್ಲಿದ್ದರು, ಅವರಿಗಂತೂ ಹೇಳುವ ಹಾಗೇ ಇರಲಿಲ್ಲ. ಗುರುಶಾಂತಪ್ಪನವರ ಆಸೆ ಗೊತ್ತಿದ್ದವರು ಆಕೆ ಮತ್ತು ನಾನು, ಇಬ್ಬರೇ. ಉಳಿದವನು ಶರಣ. ಕೊರೋನಾ ಬಂದ ಅಪ್ಪನ ಹತ್ತಿರಕ್ಕೆ ಬಿಡುವುದಿಲ್ಲವೆಂದು ರಾಲಿಯಲ್ಲೇ ಕೂತು ಕಂಗಾಲಾಗಿದ್ದ. ಹುಟ್ಟಿದ್ದು ಲಂಡನ್, ಓದಿದ್ದು ವರ್ಜೀನಿಯಾ, ಜೀವಮಾನದಲ್ಲಿ ಒಂದು ಹೆಣ ನೋಡಿದವನಲ್ಲ. ಮುಂದೇನು ಮಾಡಬೇಕು ಅಂಕಲ್ ಎಂದು ಇವರನ್ನು ಕೇಳಿದನಂತೆ. "ನಮ್ಮಲ್ಲಿ ಕ್ರಿಮೇಷನ್ ಕಣಪ್ಪ. ನೀನೇನೂ ಯೋಚನೆ ಮಾಡ್ಬೇಡ, ನಾನು ಅರೇಂಜ್ ಮಾಡ್ತೀನಿ" ಎಂದರಂತೆ ಇವರು. ಎಲ್ಲ ಕಡೆ ವಾರಗಟ್ಟಲೆ ಕಾಯುತ್ತಿದ್ದಾಗ ಇವರು ನಾಲ್ಕೇ ದಿನದಲ್ಲಿ ಮುಗಿಸಿದರು. ಶರಣ ಫೋನಿನಲ್ಲೇ ಸಹಿ ಮಾಡಿ ಜೂಮಿನಲ್ಲಿ ನೋಡಿದ.

ಪುರುಡು ಕಳೆದ ದಿನ ನನಗೆ ಫೋನಿನಲ್ಲಿ ಹೇಳಿದರು, ಅಷ್ಟು ಹೊತ್ತು ಕಾದಿದ್ದವರಂತೆ. ನಾನು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅತ್ತು ಮುಗಿದ ಮೇಲೆ, ಆ ಓಕ್ ಮರದ ಕೆಳಗೇ ಆಯಿತಾ ಎಂದು ಕೇಳಿದೆ. ಯಾವ ಮರ ಎಂದರು. ಆಮೇಲೆ ಎಲ್ಲ ನೀಟಾಗಿ ಆಯಿತು, ಮಂತ್ರವೂ ಸ್ಪಷ್ಟವಾಗಿ ಕೇಳಿಸಿತು ಎಂದು ಹೇಳತೊಡಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಆವತ್ತು ನಾನು ಆಡಿದ ಮಾತುಗಳನ್ನು ಮೂವತ್ತೈದು ವರ್ಷದ ಸಂಸಾರದಲ್ಲಿ ಆಡಿರಲಿಲ್ಲ. ನಮ್ಮಲ್ಲಿ ಅಂದರೆ ಯಾರಲ್ಲಿ ಎಂದು ಕೇಳಿದೆ. ಒಂದೇ ಹಪ್ಪಳ ಹಂಚಿಕೊಂಡು ತಿಂದ ಮಾತ್ರಕ್ಕೆ ಅವರ ಸಾವೂ ನಿಮ್ಮದೇ ಥರ ಆಗಬೇಕೇನು ಎಂದೆ. ಕೊನೆಗೆ, "ನಂಗೆ ಯಾರೂ ಹೇಳ್ಲಿಲ್ಲ ಶೈಲೂ" ಎಂದರು. ಹೇಳಲು ಬಿಟ್ಟಿದ್ದಿರಾ ಎಂದು ಕೇಳಿದೆ. ಬಿಟ್ಟಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಶಾಂತವ್ವ ಉಳಿದುಕೊಂಡರು. ಫೆಬ್ರವರಿಯ ಕೊನೆಗೆ ಪುನಶ್ಚೇತನ ಕೇಂದ್ರಕ್ಕೆ ಬಂದ ಮೇಲೆ ಶರಣ ಅಪ್ಪನ ಸುದ್ದಿ ಹೇಳಿದ. ಎಲ್ಲ ಗೋಪಿನಾಥ್ ಅಂಕಲ್ ನೋಡಿಕೊಂಡರು ಎಂದಷ್ಟೇ ಹೇಳಿದ, ಅವನಿಗೆ ಅದಕ್ಕಿಂತ ಹೆಚ್ಚು ಹೇಳುವುದಿದೆ ಎಂದು ಹೊಳೆಯಲೇ ಇಲ್ಲ. ಆಕೆ ವಿಡಿಯೋ ಕಾಲಿನಲ್ಲಿ ನಮ್ಮ ಯಜಮಾನರಿಗೆ ಎರಡು ಕೈ ಎತ್ತಿ ಮುಗಿದರು. ಮೂಗಿನಲ್ಲಿ ಇನ್ನೂ ನಳಿಕೆ ಇತ್ತು. ಒಡಹುಟ್ಟಿದವರೂ ಇಂಥ ಹೊತ್ತಿನಲ್ಲಿ ಇಷ್ಟು ಮಾಡುವುದಿಲ್ಲ, ಅವರು ಕೇಳಿಕೊಂಡ ಮಣ್ಣು ಅವರಿಗೆ ಸಿಕ್ಕಿತಲ್ಲ, ಇನ್ನು ನನಗೆ ಚಿಂತೆಯಿಲ್ಲ ಎಂದರು. ಅಷ್ಟರಲ್ಲಿ ಸ್ಟರ್ಲಿಂಗಿಗೆ ಹಿಂತಿರುಗಿದ್ದ ನಾನು ಪಕ್ಕದಲ್ಲೇ ಇದ್ದೆ. ಗೋಪಿನಾಥರು ಫೋನಿನ ಮುಂದೆ ಬಾಯಿ ತೆರೆದರು, ಮುಚ್ಚಿದರು. ಆಕೆ ಸುಸ್ತಾಗಿ ಕಣ್ಣು ಮುಚ್ಚಿದರು. ಆ ಉಸಿರಾಟ ನೋಡಿ, ಇವತ್ತು ಹೇಳಿ ಎಂದು ಒತ್ತಾಯಿಸಲು ನನಗೂ ಧೈರ್ಯವಾಗಲಿಲ್ಲ. ಆಕೆ ಮನೆಗೆ ಬಂದ ದಿನ ನೀವೇ, ನಿಮ್ಮ ಬಾಯಿಂದಲೇ ಹೇಳಬೇಕು ಎಂದೆ. ಅಲ್ಲಿಂದ ಮುಂದೆ ಇವರು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟರು. ಯಾರ ಮನೆಯಲ್ಲಿ ಸಾವಾದರೂ ಫೋನ್ ಎತ್ತುತ್ತಿರಲಿಲ್ಲ.

ಏಪ್ರಿಲಿನಲ್ಲಿ ಶರಣ ಬಂದು ಅಮ್ಮನನ್ನು ಮನೆಗೆ ಕರೆತಂದ. ಒಂದೆರಡು ದಿನದಲ್ಲಿ ರಾಲಿಗೆ ಕರೆದುಕೊಂಡು ಹೋಗುವ ಯೋಚನೆ ಅವನದು. ಆಕೆ, ಮೊದಲು ನನ್ನನ್ನು ಆ ಮರದ ಹತ್ತಿರ ಕರೆದುಕೊಂಡು ಹೋಗಿ, ಪತ್ರೆ ಏರಿಸಿ ಬರಬೇಕು ಎಂದು ನನಗೆ ಹೇಳಿಕಳಿಸಿದರು. ಸೀರೆ ಉಟ್ಟು, ತಲೆ ಬಾಚಿ, ವಾಕರ್ ಹಿಡಿದು ಅಡಿಗೆಮನೆಯ ಕುರ್ಚಿಯಲ್ಲಿ ತಯಾರಾಗಿ ಕೂತಿದ್ದರು. ನಾನು ಯಜಮಾನರನ್ನು ಮುಂದೆ ಮಾಡಿಕೊಂಡು ಹೋದೆ.

ಅವರು ಮಾಸ್ಕ್ ತೆಗೆದು ಆಕೆಯ ಮುಂದೆ ನೆಲದ ಮೇಲೆ ಕೂತರು. "ತಪ್ಪಾಯ್ತಮ್ಮಾ," ಎಂದರು. "ಸುಟ್ಟುಬಿಟ್ವಿ."

ಶರಣನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ಇಂಗ್ಲಿಷಿನಲ್ಲಿ ಎರಡು ಮಾತಿನಲ್ಲಿ ಅವನ ಅಪ್ಪ ಏನು ಕೇಳಿಕೊಂಡಿದ್ದರು ಎಂದು ಹೇಳಿದೆ. ಅವನು ಗೋಡೆಗೆ ಒರಗಿದ. ಹೇಳಬೇಕಿತ್ತಲ್ಲ, ನನಗೆ ಯಾರಾದರೂ ಹೇಳಬೇಕಿತ್ತಲ್ಲ ಎಂದು ಮತ್ತೆ ಮತ್ತೆ ಅಂದ. ಶಾಂತವ್ವ ಅಳಲಿಲ್ಲ, ಬೈಯಲಿಲ್ಲ. ಮುಖ ಮಾತ್ರ ಒಮ್ಮೆಗೇ ಮುದಿಯಾಯಿತು. ಈಗ ಎಲ್ಲಿದ್ದಾರೆ ಎಂದು ಕೇಳಿದರು.

ನಮ್ಮ ಗರಾಜಿನಲ್ಲಿದ್ದರು. ಬೂದಿಯನ್ನು ಮನೆಯೊಳಗೆ ತರಬಾರದೆಂದು ಗೋಪಿನಾಥರು ಹಿಮ ಎತ್ತುವ ಸಲಿಕೆಯ ಪಕ್ಕದ ಶೆಲ್ಫಿನಲ್ಲಿಟ್ಟಿದ್ದರು. ನಾನು ಹೋಗಿ ತಂದೆ. ಬಾಗಿಲ ಹತ್ತಿರ ಬಂದಾಗ ಒಳಗೆ ತರಲೇ ಬೇಡವೇ ಎಂದು ನಿಂತೆ. "ತಗೊಂಡ್ ಬಾ ತಂಗಿ. ನಮಗ ಸೂತಕ ಇಲ್ಲ," ಎಂದರು ಶಾಂತವ್ವ. ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮೇಲೆ ಹೆಸರಿನ ಚೀಟಿ. ಆಕೆ ಎರಡು ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು. ಬಹಳ ಹೊತ್ತು ಒರೆಸಿದರು.

ಈಗಲೂ ಅದನ್ನು ಆ ಮರದ ಕೆಳಗೆ ಹೂಳಬಹುದು ಅಮ್ಮ, ನಾಳೆಯೇ ಹೋಗೋಣ, ನಾನು ಫೋನ್ ಮಾಡುತ್ತೇನೆ ಎಂದ ಶರಣ.

"ಬೂದಿ ಕುಂಡ್ರಂಗಿಲ್ಲೋ," ಎಂದರು ಶಾಂತವ್ವ. "ನಾ ಕುಂಡ್ರತೇನಿ. ನಾ ಸತ್ತಾಗ ನನ್ನ ಅಲ್ಲೇ ಕುಂಡ್ರಿಸು. ಇವರನ್ನ ನನ್ನ ತೊಡಿ ಮ್ಯಾಲ ಇಡು. ಅಲ್ಲೀತನಕ ನನ್ನ ಕೂಡ ಇರ್ತಾರ. ಏನ್ ಮಾಡ್ತಿ, ಹೇಳು."

ಶರಣ ಅಮ್ಮ ಪ್ಲೀಸ್ ಎಂದ. ಆಕೆ ಕೇಳಿಸಿಕೊಳ್ಳಲಿಲ್ಲ. ಹೇಳು ಎಂದರು.

"ನಿನ್ನ... ಸುಡಲ್ಲ," ಎಂದ ಅವನು. ಕನ್ನಡ ತಡವರಿಸುತ್ತಿತ್ತು. "ಕೂರಿಸ್ತೀನಿ. ಮಣ್ಣಲ್ಲಿ. ಅಪ್ಪನ್ನ ನಿನ್ನ ಲ್ಯಾಪ್ ಮೇಲೆ ಇಡ್ತೀನಿ."

ಆಕೆ ನನ್ನ ಕಡೆ ತಿರುಗಿದರು. ನಾನೂ ಹೇಳಿದೆ, ಒಂದೊಂದು ಮಾತನ್ನೂ ಬಿಡದೆ. ಆಮೇಲೆ ನೆಲದ ಮೇಲೆ ಕೂತಿದ್ದ ಗೋಪಿನಾಥರ ಕಡೆ ನೋಡಿದರು. ಇವರು ತಲೆ ತಗ್ಗಿಸಿದರು, ಕಣ್ಣು ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು. ನೀವು ಸತ್ತಾಗ ಎಂಬ ಎರಡು ಶಬ್ದ ಇವರ ಬಾಯಿಂದ ಹೊರಡಲು ತುಂಬ ಹೊತ್ತು ಹಿಡಿಯಿತು. ಆಕೆ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು, ಅವರು ಹೇಳಿ ಮುಗಿಸುವವರೆಗೂ ಕಾದರು.